ಹಿತ್ತಿಲಿನ ಮುರುಗಲು

ಹಿತ್ತಿಲಿಗೊಂದು ಹಣ್ಣಿನ ಗಿಡ ಬೇಕೆನ್ನುವವರು ಮಾವನ್ನೋ ಪೇರಲೆಯನ್ನೋ ನೆಟ್ಟು ನಿಶ್ಚಿಂತರಾಗಿರಬಹುದು. ಗಿಡ ಬದುಕಿದರೆ ಒಂದಲ್ಲ ಒಂದು ವರ್ಷ ಕಾಯಿ ಕಂಡೀತು. ಮುರುಗಲಿನದು ಹಾಗಲ್ಲ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿಯ ಎಲೆ ನೋಡಿ, ಕಾಂಡ ನೋಡಿ ಯಾವುದೆಂದು ಹೇಳಲು ಬರುವುದಿಲ್ಲ. ಏಳೆಂಟು ವರ್ಷ ನೀರು ಗೊಬ್ಬರ ಉಂಡು, ಮಾಡಿನೆತ್ತರಕ್ಕೆ ಬೆಳೆದು, ಒಂದು ಚಳಿಗಾಲ ಹೂ ಬಿಟ್ಟಾಗಲೇ ಗುಟ್ಟು ರಟ್ಟಾಗುವುದು. ಹೆಚ್ಚು ಕಡಿಮೆ ಅರ್ಧದಷ್ಟು ಸಸಿಗಳು ಗಂಡೇ ಆಗಿರುತ್ತವೆ.

ಹಾಗೆಂದು ಅದನ್ನು ಬಿಟ್ಟು ಬದುಕುವುದು ಕಾರವಾರ, ಅಂಕೋಲೆಯವರಿಗೆ ಸಾಧ್ಯವಿಲ್ಲ. ದಕ್ಷಿಣ ಕನ್ನಡದವರು ಇದನ್ನೇ ಪುನರ್ಪುಳಿ ಎನ್ನುತ್ತಾರೆ. ಪೇಟೆಯವರಿಗೆ ಇದು ಕೋಕಂ. ಎಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಕಡುಗೆಂಪಾಗುತ್ತದೆ. ಸಿಪ್ಪೆಗೆ ಉಪ್ಪು ಹಚ್ಚಿ, ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿಟ್ಟರೆ ವರ್ಷವಿಡೀ ತಾರ್ಲೆ, ಬಾಂಗಡೆಯ ಸಾರಿಗೆ ಹುಳಿ ಸಿಕ್ಕಿತು. ಸಕ್ಕರೆ ಬೆರೆಸಿ ಭರಣಿಯಲ್ಲಿ ಬಿಸಿಲಿಗಿಟ್ಟರೆ ಬೇಸಿಗೆಯ ನೆಂಟರಿಗೆ ಶರಬತ್ತು. ಬೀಜ ಕುಟ್ಟಿ ಕುದಿಸಿ ತೆಗೆದ ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ ಔಷಧಿ. ಇಷ್ಟೆಲ್ಲ ಕೊಡುವ ಮರ ಕೇಳುವುದು ಬಹಳ ಕಡಿಮೆ. ಮೊದಲ ಎರಡು ಮೂರು ಬೇಸಿಗೆ ತುಸು ನೆರಳು, ತುಸು ನೀರು. ಆಮೇಲೆ ಅದರ ಪಾಡಿಗೆ ಅದು.

ನನ್ನ ಅತ್ತೆಯ ಮನೆ ಕಾರವಾರದ ಅರಗಾ ಕಡೆ ಇತ್ತು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಊರು ಬಿಡುವ ಹೊತ್ತು ಬಂದದ್ದು ತೊಂಬತ್ತರ ದಶಕದ ಕೊನೆಗೆ. ಪಾತ್ರೆ ಪಗಡ, ದೇವರ ಪಟ, ಕಿತ್ತ ಹೆಂಚುಗಳ ಜೊತೆಗೆ ಅತ್ತೆ ಹಿತ್ತಿಲಿನ ಮುರುಗಲ ಬೀಜದಿಂದ ಎದ್ದ ಎರಡು ಸಸಿಗಳನ್ನೂ ತಂದಳು. ಮನೆಗೆ, ಮರಕ್ಕೆ ಸರಕಾರ ಬೆಲೆ ಕಟ್ಟಬಹುದು. ಆ ಹಣ್ಣಿನ ರುಚಿಗೆ ಎಷ್ಟು ಕಟ್ಟುತ್ತದೆ ಎಂಬುದು ಅವಳ ಪ್ರಶ್ನೆ. ಹೊಸ ವಸಾಹತಿನ ಬೋಳು ನಿವೇಶನದಲ್ಲಿ ತೆಂಗಿನ ಗರಿಯ ನೆರಳು ಕಟ್ಟಿ, ಪಾತ್ರೆ ತೊಳೆದ ನೀರು ಹೊಯ್ದು ಅವನ್ನು ಉಳಿಸಿಕೊಂಡಳು.

ಎಂಟನೆಯ ವರ್ಷ ಎರಡೂ ಹೂ ಬಿಟ್ಟವು. ಹೆಣ್ಣು ಹೂವಾದರೆ ನಡುವೆ ಕಾಯಿಯ ಹಸಿರು ಗುಂಡು ಕಾಣಬೇಕು. ಇಲ್ಲಿ ಅದಿರಲಿಲ್ಲ. ಗೊಂಚಲು ಗೊಂಚಲು ಹೂ ಬಂತು, ಉದುರಿತು, ಅಂಗಳ ಗುಡಿಸಿದ್ದಾಯಿತು. ಎರಡೂ ಗಂಡು.

“ಆಯಿ, ಎರಡನ್ನೂ ಕಡಿದು ತೆಂಗು ಹಾಕ್ವ” ಎಂದ ಮಗ. ಜಾಗವಿದ್ದುದೇ ಅಷ್ಟು, ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, “ಒಂದು ಕಡಿ ತಮ್ಮಾ, ಒಂದು ಇರಲಿ” ಎಂದಳು.

ಕಡಿದ ಮರದ ಜಾಗಕ್ಕೆ ಕಸಿ ಗಿಡ ಬಂತು. ಹೆಣ್ಣು ಮರದ ಕುಡಿಯನ್ನು ಸಸಿಗೆ ಕಟ್ಟಿ ಬೆಳೆಸಿದ ಕಸಿಯಲ್ಲಿ ಗಂಡೋ ಹೆಣ್ಣೋ ಎಂಬ ಜೂಜಿಲ್ಲ. ಮೂರು ನಾಲ್ಕು ವರ್ಷಕ್ಕೆ ಫಲ ಕಾಣುತ್ತದೆ. ದಾಪೋಲಿಯ ಕೃಷಿ ವಿದ್ಯಾಪೀಠ ಬಿಡುಗಡೆ ಮಾಡಿದ ಕೊಂಕಣ ಅಮೃತಾ, ಕೊಂಕಣ ಹಾತೀಸ್ ಎಂಬ ತಳಿಗಳಿವೆ. ನಮ್ಮ ಕಾಡಂಚಿನ ಒಳ್ಳೆಯ ಮರಗಳಿಂದ ಕಟ್ಟಿದ ಕಸಿಯೂ ಆಗುತ್ತದೆ. ಕೊಳ್ಳುವಾಗ ತಾಯಿ ಮರದ ಬಗ್ಗೆ ಎರಡು ಮಾತು ಕೇಳಬೇಕು: ಸಿಪ್ಪೆ ದಪ್ಪವೇ, ಹಣ್ಣು ಮಳೆಗೆ ಮೊದಲು ಮುಗಿಯುತ್ತದೆಯೇ? ಜೂನಿನ ಮಳೆಗೆ ಸಿಕ್ಕ ಹಣ್ಣಿನ ಸಿಪ್ಪೆ ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ. ಕುಡಿಯನ್ನು ನೆಟ್ಟಗಿನ ತುದಿಯಿಂದ ತೆಗೆದರೆ ಗಿಡ ನೆಟ್ಟಗೆ ಏಳುತ್ತದೆ, ಅಡ್ಡ ಕೊಂಬೆಯಿಂದ ತೆಗೆದರೆ ಪೊದೆಯಂತೆ ಅಗಲಿಸುತ್ತದೆ. ನೆಟ್ಟ ಮೇಲೆ ಕಸಿಗಂಟಿನ ಕೆಳಗಿನ ಚಿಗುರನ್ನು ಚಿವುಟುತ್ತಲೇ ಇರಬೇಕು. ಇಲ್ಲವಾದರೆ ಬುಡದ ಸಸಿಯೇ ಮೇಲೆದ್ದು ಹಳೆಯ ಜೂಜು ಮತ್ತೆ ಶುರು.

ಆದರೆ ಕಸಿ ಮಾರುವವರು ಸಾಮಾನ್ಯವಾಗಿ ಹೇಳದ ಮಾತೊಂದಿದೆ. ಹೆಣ್ಣು ಗಿಡ ನೆಟ್ಟರೆ ಮುಗಿಯಲಿಲ್ಲ, ಪರಾಗಕ್ಕೆ ಹತ್ತಿರದಲ್ಲೆಲ್ಲೋ ಗಂಡು ಮರ ಬೇಕು. ತೋಟಗಳಲ್ಲಿ ಹತ್ತಕ್ಕೊಂದು ಗಂಡು ಇಡಿ ಎನ್ನುತ್ತಾರೆ. ಹಿಂದೆ ಇದನ್ನು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಮನೆಯ ಹಿಂದೆಯೇ ಬೆಟ್ಟವಿತ್ತು, ಬೆಟ್ಟದಲ್ಲಿ ಗಂಡು ಮರಗಳಿದ್ದವು. ಈಗ ಹೆದ್ದಾರಿ ಅಗಲವಾಗಿದೆ, ಬೆಟ್ಟ ದೂರ ಸರಿದಿದೆ, ಹಿತ್ತಿಲಲ್ಲಿ ಉಳಿದ ಗಂಡು ಮರ ‘ಬಂಜೆ’ ಎನ್ನಿಸಿಕೊಂಡು ಒಲೆಗೆ ಹೋಗುತ್ತದೆ. ಆಮೇಲೆ ಪಕ್ಕದ ಮನೆಯವರು, “ಈ ವರ್ಷ ಯಾಕೋ ಮುರುಗಲು ಕಾಯಿ ಕಟ್ಟಲಿಲ್ಲ” ಎಂದು ಹವಾಮಾನವನ್ನು ಬೈಯುತ್ತಾರೆ.

ಅತ್ತೆಯ ಕಸಿ ನಾಲ್ಕನೆಯ ವರ್ಷ ಹಣ್ಣು ಬಿಟ್ಟಿತು. ಬಾಯಿಗಿಟ್ಟು, “ನಮ್ಮ ಮರದ ರುಚಿ ಅಲ್ಲ” ಎಂದಳು. ಅದು ನಿಜ, ಹಣ್ಣಿನ ಸಿಪ್ಪೆ ತಾಯಿ ಮರದ್ದು. ಆದರೆ ಒಳಗಿನ ಬೀಜ ಹಾಗಲ್ಲ. ಸುತ್ತಲಿನ ಬೋಳು ನಿವೇಶನಗಳಲ್ಲಿ ಬೇರೆ ಮುರುಗಲಿರಲಿಲ್ಲವಾದ್ದರಿಂದ, ಅದರ ಅರ್ಧ, ಬೇಲಿಯಾಚೆ ಉಳಿದುಹೋದ ಅರಗಾದ ಮರದ ಸಂತಾನವಾದ ಈ ಗಂಡು ಮರದ್ದೇ ಇರಬೇಕು. ಇದನ್ನು ಹೇಳಿದಾಗ ಅವಳು ತುಪ್ಪಕ್ಕೆಂದು ಒಣಹಾಕಲಿದ್ದ ಬೀಜದಿಂದ ಒಂದು ಹಿಡಿ ಬೇರೆ ತೆಗೆದಿಟ್ಟಳು. ಮಳೆ ಹಿಡಿದ ಮೇಲೆ ಹಾಲಿನ ಖಾಲಿ ಕೊಟ್ಟೆಗಳಿಗೆ ಮಣ್ಣು ತುಂಬಿ ಊರಿ, ಅದೇ ವಸಾಹತಿನ ನಾಲ್ಕು ಮನೆಗೆ ಸಸಿ ಹಂಚಿದಳು. ಗಂಡೋ ಹೆಣ್ಣೋ ಎಂದು ಕೇಳಿದವರಿಗೆ, “ಯಾವುದಾದ್ರೂ ಕಡೀಬೇಡಿ” ಎಂದಳು.