ಮೇಜೇ ಮಂಚ

ನ್ಯೂಜಿಲೆಂಡಿನಲ್ಲಿ ನಾವು ಸುತ್ತುತ್ತಿದ್ದ ಬಾಡಿಗೆಯ ಮೋಟಾರು ಮನೆಗೆ ಮೆಲ್ಬರ್ನ್‌ನಿಂದ ಮಗಳು ಎರಡು ರಾತ್ರಿಯ ಅತಿಥಿಯಾಗಿ ಬಂದಳು. ಮಕ್ಕಳೇ, ಈ ಗಾಡಿಯೊಳಗೇ ಒಲೆ, ಹಾಸಿಗೆ, ಶೌಚಾಲಯ ಎಲ್ಲ ಇರುತ್ತವೆ. ನೀರು ಮಾತ್ರ ತೊಟ್ಟಿಯಲ್ಲಿ ತುಂಬಿಸಿಕೊಂಡಷ್ಟೇ. ಡ್ರೈವರ್ ಸೀಟಿನ ಮೇಲಿನ ಅಟ್ಟದಲ್ಲಿ ಗಾಡಿ ಓಡಿಸುತ್ತಿದ್ದ ಭಾವಮೈದ, ಹಿಂದಿನ ಹಾಸಿಗೆಯಲ್ಲಿ ನಾವಿಬ್ಬರು. ಊಟದ ಮೇಜನ್ನು ತಗ್ಗಿಸಿ ಮೆತ್ತೆ ಹಾಸಿದರೆ ಅದೇ ಮಗಳ ಮಂಚ.

ಮೊದಲ ರಾತ್ರಿ ಟೆಕಾಪೊ ಸರೋವರದ ಬಳಿ ತಂಗಿದೆವು. ಅವಳು ಪಾತ್ರೆ ತೊಳೆಯುವಾಗ, "ನಲ್ಲಿ ನಿಲ್ಲಿಸು, ನೀರು ಮುಗಿಯುತ್ತೆ" ಎಂದು ಗದರಿದೆ. ಅವಳು ಮಾತಾಡಲಿಲ್ಲ.

"ಅವಳಿಗೆ ನಲವತ್ತಾಯ್ತು ಕಣ್ರೀ" ಎಂದಳು ನನ್ನಾಕೆ.

ಐದಕ್ಕೇ ಎಚ್ಚರವಾಯಿತು. ಕಾಫಿ ಇಲ್ಲದೆ ನನಗೆ ಬೆಳಗಾಗದು. ಆದರೆ ಒಲೆಯ ಪಕ್ಕದಲ್ಲೇ ಅವಳು ಮಲಗಿದ್ದಾಳೆ! ಸದ್ದಿಲ್ಲದೆ ಹೊರಗೆ ಬಂದು ಕುಳಿತೆ. ಆಕಾಶದ ತುಂಬ ನಕ್ಷತ್ರ. ರಾತ್ರಿಯ ಕತ್ತಲೆಯನ್ನು ಕಾಪಾಡಲೆಂದೇ 2012ರಿಂದ ಇದು ಮೀಸಲು ಪ್ರದೇಶ. ಬೀದಿದೀಪದ ಬೆಳಕು ಮೇಲಕ್ಕೆ ಚೆಲ್ಲದಂತೆ ನೋಡಿಕೊಳ್ಳುತ್ತಾರೆ. ಬೆಳಕು ಹರಿದಂತೆ ಸರೋವರ ಹಾಲು ಬೆರೆಸಿದ ನೀಲಿಯಾಯಿತು. ಹಿಮನದಿಗಳು ಬಂಡೆಯನ್ನು ಅರೆದ ನುಣ್ಣನೆಯ ಹುಡಿ ನೀರಿನಲ್ಲಿ ತೇಲುವುದೇ ಆ ಬಣ್ಣಕ್ಕೆ ಕಾರಣ.

ಬಾಗಿಲು ತೆರೆಯಿತು. ಶಾಲು ಹೊದ್ದ ಮಗಳು, ಕೈಯಲ್ಲಿ ಎರಡು ಲೋಟ.

"ಅಳೆದೇ ನೀರಿಟ್ಟಿದ್ದೀನಿ ಅಪ್ಪ."