ಮರುಭೂಮಿಯ ಬೆಟ್ಟ, ತರಗತಿಯ ಪರಸಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಚಿವಾವನ್ ಮರುಭೂಮಿಯ ನಡುವೆ ಗ್ವಾಡಲೂಪೆ ಪರ್ವತಗಳಿವೆ. ಅತಿ ಎತ್ತರದ ಶಿಖರ 2667 ಮೀಟರ್. ಬುಡದಲ್ಲಿ ಕಳ್ಳಿ, ಕುರುಚಲು. ಕಲ್ಲು ಮಾತ್ರ ಸಮುದ್ರದ್ದು. ಅಭ್ಯಾಸ ಬೋಧನೆಯಲ್ಲಿ ಪಳೆಯುಳಿಕೆಯ ಪಾಠಕ್ಕೆ ನಾನು ಆರಿಸಿಕೊಂಡ ಉದಾಹರಣೆ ಇದು.

ಸುಮಾರು 26 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಅವಧಿಯಲ್ಲಿ, ಅಲ್ಲಿ ಬೆಚ್ಚನೆಯ ಸಮುದ್ರವಿತ್ತು. ಅದರ ಅಂಚಿನಲ್ಲಿ ಜೀವಿಗಳು ಬೆಳೆದು, ಸತ್ತು, ಒಂದರ ಮೇಲೊಂದು ಅಂಟಿಕೊಂಡು ಸುಣ್ಣದ ದಿಬ್ಬ ಕಟ್ಟಿದವು. ಇಂಥ ದಿಬ್ಬ ಎಂದಕೂಡಲೇ ಹವಳ ನೆನಪಾಗುತ್ತದೆ. ಇಲ್ಲಿ ಆ ಕೆಲಸ ಮಾಡಿದ್ದು ಮುಖ್ಯವಾಗಿ ಸ್ಪಂಜು ಮತ್ತು ಪಾಚಿ. ಗೋಧಿ ಕಾಳಿನಂಥ ಫ್ಯುಸುಲಿನಿಡ್‌ಗಳೂ ಅಲ್ಲಿ ಸಿಗುತ್ತವೆ. ಅವು ಏಕಕೋಶ ಜೀವಿಗಳೆಂದರೆ ಮಕ್ಕಳು ನಂಬಲಿಲ್ಲ.

"ಸಮುದ್ರ ಅಷ್ಟು ಮ್ಯಾಲ ಹ್ಯಾಂಗ ಏರಿತ್ರಿ ಮೇಡಂ?" ಎಂದ ಒಬ್ಬ. ಪ್ರಳಯ ಆಗಿತ್ತು ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಪ್ರವಾಹ ಬಂದು ಹೋದರೆ ಚಿಪ್ಪು ಮೇಲೆ ಚೆಲ್ಲಿರಬೇಕು. ಇಲ್ಲಿ ನೂರಾರು ಮೀಟರ್ ದಪ್ಪದ ಬಂಡೆಯೇ ಜೀವಿಗಳಿಂದ ಆಗಿದೆ, ಅಷ್ಟು ಬೆಳೆಯಲು ಎಷ್ಟು ಕಾಲ ಬೇಕು ಎಂದು ಕೇಳಿದೆ. ಸಮುದ್ರ ಬತ್ತಿತು, ದಿಬ್ಬ ಉಪ್ಪು, ಜಿಪ್ಸಂಗಳಡಿ ಹೂತುಹೋಯಿತು. ಎಷ್ಟೋ ಕಾಲದ ಮೇಲೆ ನೆಲವೇ ಮೇಲೆದ್ದಿತು. ಮೆತ್ತನೆಯದು ಸವೆದು, ಗಟ್ಟಿ ಸುಣ್ಣಕಲ್ಲು ಉಳಿಯಿತು.

ಆಗ ಖಣಿ ಕೆಲಸಗಾರರೊಬ್ಬರ ಮಗಳು ನೆಲ ತೋರಿಸಿದಳು. "ನಮ್ಮ ಪರಸಿಯಾಗ ಚಿಪ್ಪು ಸಿಗ್ತಾವೇನ್ರಿ?"

ತರಗತಿಯ ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲು. ಅದೂ ಸುಣ್ಣಕಲ್ಲೇ. ಒಂದು ತುಂಡಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟೆ, ನೊರೆ ಬಂತು. ಮಕ್ಕಳು ಲೆನ್ಸ್ ಹಿಡಿದು ನೆಲಕ್ಕೆ ಕೂತರು. ಒಂದೂ ಚಿಪ್ಪಿಲ್ಲ. "ಹಂಗಾದ್ರ ನಮ್ಮ ಕಲ್ಲಿನ್ಯಾಗ ಏನೂ ಇಲ್ಲ" ಎಂದಳು, ಮುಖ ಸಣ್ಣದು ಮಾಡಿಕೊಂಡು.

ಎಂಟು ನಿಮಿಷ ಉಳಿದಿತ್ತು. ಪಾಠ ಯೋಜನೆಯ ಮೌಲ್ಯಮಾಪನ ಪ್ರಶ್ನೆಗಳು ಹಾಗೇ ಇದ್ದವು, ವೀಕ್ಷಕರು ಹಿಂದೆ ಕೂತಿದ್ದರು. ಆ ಮುಖ ಹಾಗೇ ಬಿಟ್ಟು ಗಂಟೆ ಬಾರಿಸಿಕೊಳ್ಳಲು ಮನಸ್ಸಾಗಲಿಲ್ಲ. ಪ್ರಾಣಿಗಳಿಗೆ ಚಿಪ್ಪು ಬಂದದ್ದು ಸುಮಾರು 55 ಕೋಟಿ ವರ್ಷಗಳ ಹಿಂದೆ. ನಿಮ್ಮ ಕಲ್ಲು ಅದಕ್ಕಿಂತ ಮೊದಲಿನದು ಎಂದು ಹೇಳಿ, ಎರಡು ಕಲ್ಲಿನ ವಯಸ್ಸನ್ನೂ ಒಂದೇ ಗೆರೆಯ ಮೇಲೆ ಗುರುತಿಸಲು ಅವಳನ್ನೇ ಬೋರ್ಡಿಗೆ ಕರೆದೆ. ಟೆಕ್ಸಾಸನ್ನು ಬಲಕ್ಕೆ ಬರೆದಳು, ಶಹಾಬಾದನ್ನು ದೂರ ಎಡಕ್ಕೆ.

'ಮೌಲ್ಯಮಾಪನ ನಡೆದಿಲ್ಲ' ಎಂದು ವೀಕ್ಷಣಾ ಪುಸ್ತಕದಲ್ಲಿ ಬಂತು. ಆ ಗೆರೆಯೇ ಮೌಲ್ಯಮಾಪನವೆಂದು ನನ್ನ ವಾದ. ಚಿಪ್ಪಿಲ್ಲದ ಸಮುದ್ರದಲ್ಲಿ ಯಾರಿದ್ದರು ಎಂದು ಮಕ್ಕಳು ಕೇಳಿದ್ದಾರೆ. ಮುಂದಿನ ಪಾಠ ಬರಿಗಣ್ಣಿಗೆ ಕಾಣದ ಜೀವಿಗಳದ್ದು.