ಹ್ಯಾನೋವರ್ ಜಾತ್ರೆಯಲ್ಲಿ ಬೆಳಗಾವಿಯ ಎರಕ

ಯಂತ್ರಗಳಿಗೂ ಜಾತ್ರೆ ಇರುತ್ತದೆಂದು ಕೇಳಿದ್ದೆ. ಇಷ್ಟು ದೊಡ್ಡದೆಂದು ಊಹಿಸಿರಲಿಲ್ಲ. ಜರ್ಮನಿಯ ಹ್ಯಾನೋವರ್ ನಗರದ ದಕ್ಷಿಣದಂಚಿನಲ್ಲಿ ಟ್ರಾಮ್ ಇಳಿದರೆ ಕಣ್ಣು ಹಾಯುವವರೆಗೂ ಹಾಲ್‌ಗಳೇ. ನಡುವೆ 2000ದ ವಿಶ್ವ ಪ್ರದರ್ಶನಕ್ಕೆಂದು ಕಟ್ಟಿದ ಮರದ ಚಾವಣಿ: ಇಪ್ಪತ್ತು ಮೀಟರಿಗೂ ಎತ್ತರದ ಹತ್ತು ಕೊಡೆಗಳು ಒಂದಕ್ಕೊಂದು ತಾಗಿ ನಿಂತಿವೆ. ಕತ್ತೆತ್ತಿ ನೋಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅದಕ್ಕೂ ಮಿಗಿಲಾದ ಬೆರಗು ಈ ಮೇಳದ ಹುಟ್ಟು. ನಮಗೆ ಸ್ವಾತಂತ್ರ್ಯ ಬಂದು ಮೂರೇ ದಿನ, 1947ರ ಆಗಸ್ಟ್ 18. ಬಾಂಬಿಗೆ ಪಾಳುಬಿದ್ದ, ಬ್ರಿಟಿಷ್ ಸೇನೆಯ ಹಿಡಿತದಲ್ಲಿದ್ದ ಈ ಊರಿನ ಪಕ್ಕದ ಲಾಟ್ಸೆನ್‌ನಲ್ಲಿ, ಹಳೆಯ ಲೋಹದ ಕಾರ್ಖಾನೆಯ ಶೆಡ್‌ಗಳಲ್ಲಿ ಮೊದಲ ರಫ್ತು ಮೇಳ ತೆರೆಯಿತು. ಊರೆಲ್ಲ ಹಸಿದಿತ್ತು, ಬಂದವರಿಗೆ ರೇಷನ್ ಚೀಟಿಯಿಲ್ಲದೆ ಮೀನಿನ ಬನ್ನು ಕೊಟ್ಟರು. ಮೂರು ವಾರಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಬಂದರು, 3 ಕೋಟಿ ಡಾಲರಿಗೂ ಮೀರಿದ ಒಪ್ಪಂದಗಳಾದವು. ಮಾರಿದರಷ್ಟೇ ಊಟ ಎಂಬ ಸ್ಥಿತಿಯಲ್ಲಿ ಕಲಿತ ರಫ್ತಿನ ವಿದ್ಯೆ ಅದು.

ಕನ್ನಡಿಗರಿಗೆ ಈ ಸೀಮೆ ತೀರ ಪರಕೀಯವೂ ಅಲ್ಲ. ನಿಘಂಟಿನ ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಆಗ ಹ್ಯಾನೋವರ್ ಅರಸೊತ್ತಿಗೆಗೇ ಸೇರಿತ್ತು.

ಸೀಮೆನ್ಸ್‌ನಂಥ ದೈತ್ಯರ ಮಳಿಗೆಗಳನ್ನು ಬೇಗ ದಾಟಿದೆ. ನನ್ನ ಕಾಲು ಕಟ್ಟಿಹಾಕಿದ್ದು ಸಣ್ಣ ಊರುಗಳ ಕುಟುಂಬ ಕಂಪನಿಗಳು. ಒಬ್ಬರು ಬರೀ ವಾಲ್ವ್ ಮಾಡುತ್ತಾರೆ, ಇನ್ನೊಬ್ಬರು ಒಂದೇ ಬಗೆಯ ಪಂಪು. ತಲೆಮಾರುಗಳಿಂದ ಅದನ್ನೇ, ಲೋಕಕ್ಕೆಲ್ಲ. ಇವರಿಗೆ ಎರಕದ ಬಿಡಿಭಾಗಗಳು ಬೇಕು. ಉಕ್ರೇನ್ ಯುದ್ಧ ಶುರುವಾದ ಮೇಲೆ ಗ್ಯಾಸಿನ ಬೆಲೆ ಏರಿ ಜರ್ಮನಿಯ ಫೌಂಡ್ರಿಗಳು ಬಳಲಿವೆ. ನಮ್ಮವರಿಗೆ ಬಾಗಿಲು ತೆರೆದಿರುವುದು ಇಲ್ಲಿಯೇ.

ಭಾರತದ ಸಾಲಿನಲ್ಲಿ ಬೆಳಗಾವಿಯ ಫೌಂಡ್ರಿ ಮಾಲೀಕರೊಬ್ಬರು ಹೈಡ್ರಾಲಿಕ್ ವಾಲ್ವಿನ ಎರಕವನ್ನು ಮೇಜಿನ ಮೇಲಿಟ್ಟು ಕುಳಿತಿದ್ದರು. ಜರ್ಮನ್ ಎಂಜಿನಿಯರ್ ಒಬ್ಬರು ಬಂದು ಅದನ್ನೆತ್ತಿ, ಒಳಗಿನ ಪೊಳ್ಳು ಮೂಡಿಸುವ ಕೋರ್ ಕೂತಿದ್ದ ಜಾಗವನ್ನು ಹೆಬ್ಬೆರಳಲ್ಲಿ ಸವರಿದರು. ಆಮೇಲೆ ಪ್ರಶ್ನೆಗಳು: ಯಾವ ಹೀಟ್ ನಂಬರ್, ಅಂದರೆ ಯಾವ ಸರದಿಯಲ್ಲಿ ಕರಗಿಸಿದ ಲೋಹ? ಲೋಹದ ಟೆಸ್ಟ್ ಸರ್ಟಿಫಿಕೇಟ್ ಎಲ್ಲಿ? ಒಳಗೆ ಗಾಳಿಗುಳ್ಳೆ ಇಲ್ಲವೆಂದು ಹೇಗೆ ಪರೀಕ್ಷಿಸಿದಿರಿ? ಮಾಲೀಕರು ಫೈಲು ಬಿಚ್ಚಿ ಒಂದೊಂದಾಗಿ ತೋರಿಸಿದರು. ಕೊನೆಗೆ ಡ್ರಾಯಿಂಗ್ ಕಳಿಸುತ್ತೇನೆಂದು ಆ ಎಂಜಿನಿಯರ್ ಕಾರ್ಡು ಕೊಟ್ಟಾಗ ನನಗೇ ಮೈ ಜುಮ್ಮೆಂದಿತು.

“ರೇಟು ಕಡೀಕ ಕೇಳ್ಯಾರ ನೋಡ್ರಿ. ಮೊದಲ ಕಾಗದಪತ್ರ ಕೇಳ್ಯಾರ,” ಎಂದರು ಬೆಳಗಾವಿಯವರು.

ಕಾಗದಪತ್ರ ಇನ್ನೂ ಹೆಚ್ಚುತ್ತಿದೆ. ಕಬ್ಬಿಣ, ಉಕ್ಕು, ಅಲ್ಯುಮಿನಿಯಂನ ಹಲವು ಸರಕುಗಳ ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊಮ್ಮಿತು ಎಂಬ ಲೆಕ್ಕವನ್ನು 2023ರ ಅಕ್ಟೋಬರ್‌ನಿಂದ ಯುರೋಪಿನ ಒಕ್ಕೂಟ ಕೇಳುತ್ತಿದೆ. ಕರೆಂಟ್ ಬಿಲ್ಲು, ಕುಲುಮೆಯ ದಾಖಲೆ ಜೋಪಾನವಾಗಿಟ್ಟವರು ಅಂಜಬೇಕಿಲ್ಲ.

ಪೀಣ್ಯ, ಬೆಳಗಾವಿ, ಶಿವಮೊಗ್ಗದ ಎರಕದವರಲ್ಲಿ ನನ್ನ ವಿನಂತಿ ಇಷ್ಟು: ಈ ಮೇಳಕ್ಕೆ ಒಮ್ಮೆ ಹೋಗಿ ಬನ್ನಿ. ಮೊದಲ ಸಲ ಮಳಿಗೆ ಬೇಡ, ಟಿಕೆಟ್ ಸಾಕು. ಚೀಲದಲ್ಲಿ ನಿಮ್ಮ ಅತ್ಯುತ್ತಮ ಸ್ಯಾಂಪಲ್, ಜೊತೆಗೆ ಅದರ ಪೂರ್ತಿ ದಾಖಲೆ ಇರಲಿ. ಸಣ್ಣ ಮಳಿಗೆಗಳಿಂದಲೇ ಶುರು ಮಾಡಿ.